ಡಬರಿಗೆ ಕೊಟ್ಟ ಸೆರಗು

ನಮ್ಮ ಓಣಿಗೆ ಈಗ ಬಾಂಡೆ-ಪಾತ್ರೆ ಮಾರುವವರು ಟೆಂಪೋದಲ್ಲಿ ಬರುತ್ತಾರೆ. ಕೂಗುವ ಶ್ರಮವನ್ನೂ ಬಿಟ್ಟುಕೊಟ್ಟಿದ್ದಾರೆ. ಯಾರದೋ ದನಿಯನ್ನು ಮೊದಲೇ ಹಿಡಿದಿಟ್ಟುಕೊಂಡು ಸ್ಪೀಕರಿನಲ್ಲಿ ಬಿಡುತ್ತಾರೆ. "ಹಳೇ ಸೀರಿ, ಹಳೇ ಪ್ಯಾಂಟು, ಹರಕ ಅರಿವಿ ಇದ್ರ ತರ್ರಿ, ಸ್ಟೀಲಿನ ಬಾಂಡೆ ಒಯ್ರಿ" ಎಂದು ಆ ದನಿ ಹಾನಗಲ್ಲಿನ ನಮ್ಮ ಓಣಿಯ ಉದ್ದಕ್ಕೂ ಹೇಳಿದ್ದನ್ನೇ ಹೇಳಿಕೊಂಡು ಹೋಗುತ್ತದೆ. ಹೋದ ವಾರ ಅದು ಕೇಳಿಸಿದಾಗ ನಾನು ಅಡುಗೆಮನೆಯಲ್ಲಿ ಕುಳಿತು ಮೆಂತ್ಯೆಸೊಪ್ಪು ಸೋಸುತ್ತಿದ್ದೆ. ಎದ್ದು ಹೋಗಿ ಕಿಟಕಿಯನ್ನು ಎಷ್ಟು ಜೋರಾಗಿ ಮುಚ್ಚಿದೆನೆಂದರೆ ಚಿಲಕವೇ ಕಿತ್ತು ಕೈಗೆ ಬಂತು. ಹೊರಗಿನ ಕೋಣೆಯಿಂದ ನನ್ನ ಯಜಮಾನರು, "ಏನಾತು? ಬೆಕ್ಕು ಬಂತೇನು?" ಎಂದರು. "ಹೂಂ, ಬೆಕ್ಕು" ಎಂದೆ.

ನಿಮಗೆ ಮಾತ್ರ ನಿಜ ಹೇಳುತ್ತೇನೆ. ಬೆಕ್ಕು ಬಂದಿರಲಿಲ್ಲ. ಬಂದದ್ದು ಸಿಟ್ಟು. ಈ ವಯಸ್ಸಿನಲ್ಲಿ ಸಿಟ್ಟು ಒಳ್ಳೆಯದಲ್ಲವೆಂದು ಡಾಕ್ಟರು ಗುಳಿಗೆ ಕೊಟ್ಟಿದ್ದಾರೆ, ನಾನೂ ತಪ್ಪದೆ ನುಂಗುತ್ತೇನೆ. ಗುಳಿಗೆ ರಕ್ತದ ಒತ್ತಡವನ್ನು ಇಳಿಸುತ್ತದೆ, ಆದರೆ ಯಾತಕ್ಕೆ ಸಿಟ್ಟು ಬಂತು ಎಂಬುದನ್ನು ಅದು ಕೇಳುವುದಿಲ್ಲ. ಕೇಳುವವರು ಯಾರೂ ಇಲ್ಲದ್ದರಿಂದ ನಿಮ್ಮ ಹತ್ತಿರ ಬಂದಿದ್ದೇನೆ. ಕುಳಿತುಕೊಳ್ಳಿ.

ನನಗೊಬ್ಬಳು ಅಕ್ಕ ಇದ್ದಾಳೆ, ಕಸ್ತೂರಿ. ನನಗಿಂತ ಎರಡು ವರ್ಷ ದೊಡ್ಡವಳು. ನಮ್ಮೂರು ಹತ್ತಿಮತ್ತೂರಿನ ಕಡೆಯ ಒಂದು ಸಣ್ಣ ಹಳ್ಳಿ. ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯ ಈಗಿನ ಹುಡುಗರು ಊರಿನ ಮರ್ಯಾದೆ ಕಳೆದಳೆಂದು ನನ್ನ ಮೇಲೆಯೇ ಬರುತ್ತಾರೆ. ನಮ್ಮದು ಕೇರಿಯ ಮನೆ. ಅಪ್ಪ, ಅವ್ವ ಇಬ್ಬರೂ ಗೌಡರ ಹೊಲದಲ್ಲಿ ದುಡಿಯುತ್ತಿದ್ದರು. ಅವರು ಬಿತ್ತಿ ಬೆಳೆದ ಜೋಳ ಗೌಡರ ಅಡುಗೆಮನೆಯವರೆಗೂ ಹೋಗುತ್ತಿತ್ತು, ಅವರು ಮಾತ್ರ ಹೊಸಿಲು ದಾಟುವಂತಿರಲಿಲ್ಲ. ಚಹದಂಗಡಿಯಲ್ಲಿ ನಮ್ಮ ಕಪ್ಪು ಬೇರೆ ಇರುತ್ತಿತ್ತು, ಕುಡಿದ ಮೇಲೆ ತೊಳೆದಿಡುವವರೂ ನಾವೇ. ಒಂದು ವರ್ಷ ಅಪ್ಪ ಸವಣೂರಿನಲ್ಲಿ ಯಾವುದೋ ಸಭೆಗೆ ಹೋಗಿಬಂದು, ಬುದ್ಧನದೊಂದು ಪಟವನ್ನು ಗೋಡೆಗೆ ತೂಗುಹಾಕಿದ. ಅಕ್ಕ ಅದರ ಮುಂದೆ ನಿಂತು ಬಹಳ ಹೊತ್ತು ನೋಡಿ, "ಅಪ್ಪಾ, ಈತನ ಶಿಷ್ಯರು ಮಂದಿ ಬಿಸಾಡಿದ ಅರಿವಿ ಆರಿಸಿ ತಂದು ಕೂಡಿಸಿ ಹೊಲಕೊಂಡು ಉಡತಿದ್ರಂತ. ಪುಸ್ತಕದಾಗ ಓದೇನಿ" ಎಂದಳು.

"ಹಂಗಾರ ನಿನ್ನ ಕಡೆಯಾಂವನ ಬಿಡವಾ" ಎಂದ ಅಪ್ಪ.

ಅಪ್ಪ ಹಾಗೆ ಹೇಳಲು ಕಾರಣವಿತ್ತು. ಅಷ್ಟೊತ್ತಿಗೆ ನಮ್ಮ ಮನೆಯಲ್ಲಿ ಕೂಡಿಸಿ ಹೊಲಿಯದ ಬಟ್ಟೆ ಎಂಬುದೇ ಉಳಿದಿರಲಿಲ್ಲ.

ಆಗ ಹುಲಗೂರಿನಿಂದ ಮೌಲಾಬಿ ಎಂಬ ಹೆಂಗಸು ಬಾಂಡೆ ಮಾರಲು ಬರುತ್ತಿದ್ದಳು. ಬುಟ್ಟಿಯ ತುಂಬ ಸ್ಟೀಲಿನ ತಾಟು, ಲೋಟ, ಮುಚ್ಚಳದ ಡಬರಿ ಹೊತ್ತು ಊರೂರು ನಡೆದೇ ತಿರುಗುವಳು. ದೊಡ್ಡ ಮನೆಯ ಹೆಣ್ಣುಮಕ್ಕಳು ಹಳೆಯ ಬಟ್ಟೆಯ ಗಂಟು ತಂದು ಮುಂದೆ ಹಾಕಿ, ಒಂದು ಲೋಟಕ್ಕಾಗಿ ಅರ್ಧ ಮಧ್ಯಾಹ್ನ ವಾದ ಮಾಡುವರು. ಹಾಗೆ ಬಂದ ಬಟ್ಟೆಯನ್ನು ಮೌಲಾಬಿ ಸವಣೂರಿನ ಸಂತೆಗೆ ಒಯ್ದು, ಎಲೆ ಮಾರುವವರ ಮಗ್ಗುಲಲ್ಲಿ ಗೋಣಿತಟ್ಟಿನ ಮೇಲೆ ರಾಶಿ ಹಾಕಿಕೊಂಡು ಕೂರುತ್ತಿದ್ದಳು. ನೀರು ಚಿಮುಕಿಸಿದ ವೀಳ್ಯದೆಲೆಯ ಪೆಂಡಿಗಳ ಪಕ್ಕದಲ್ಲಿ ದಿನವಿಡೀ ಬಿದ್ದು, ಪರರ ಬೆವರಿನ ವಾಸನೆ ಹೋಗಿ ಆ ಬಟ್ಟೆಗೆಲ್ಲ ಎಲೆಯ ವಾಸನೆ ಹತ್ತುತ್ತಿತ್ತು. ಕೇರಿಯವರೆಲ್ಲ ಅಲ್ಲಿಯೇ ಕೊಳ್ಳುತ್ತಿದ್ದರು. ಆದರೆ ಅವರು ಹುಡುಕುತ್ತಿದ್ದುದು ಕಡಿಮೆ ಹರಿದದ್ದನ್ನು, ಬಣ್ಣ ಮಾಸದೆ ಉಳಿದದ್ದನ್ನು, ನೋಡಿದವರಿಗೆ ಇದು ಹಳೆಯದೆಂದು ತಿಳಿಯದಂಥದ್ದನ್ನು. ಅಕ್ಕ ಹುಡುಕುತ್ತಿದ್ದುದು ತನಗೆ ನಗು ಬರಿಸುವಂಥದ್ದನ್ನು.

"ಎಲ್ಲಾರೂ ಚಲೋದು ಆರಸ್ತಾರ, ನೀ ಸೋಗಿಂದು ಆರಸ್ತಿ ನೋಡು" ಎಂದು ಮೌಲಾಬಿ ಬೈಯುವಳು. ಬೈಯುತ್ತಲೇ, ಬೇರೆ ಯಾರಿಗೂ ಬೇಡವಾದ ವಿಚಿತ್ರ ತುಂಡುಗಳನ್ನು ತನ್ನ ತೊಡೆಯ ಕೆಳಗೆ ಮುಚ್ಚಿಟ್ಟು ಅಕ್ಕನಿಗೆಂದೇ ಕಾದಿರಿಸುವಳು.

ಮನೆಯಲ್ಲಿ ಮಷೀನು ಇರಲಿಲ್ಲ. ಸವಣೂರಿನ ದರ್ಜಿಯೊಬ್ಬ ಶುಕ್ರವಾರ ನಮಾಜಿಗೆ ಹೋಗುವಾಗ ತನ್ನ ಮಷೀನನ್ನು ಅಕ್ಕನ ಕೈಗೆ ಬಿಟ್ಟುಹೋಗುತ್ತಿದ್ದ. ಉಳಿದದ್ದೆಲ್ಲ ಸೂಜಿಯಲ್ಲಿಯೇ. ಯಾರದೋ ಮನೆಯ ಕಿಟಕಿಯ ಪರದೆಯಿಂದ ನನಗೊಂದು ಉದ್ದ ಲಂಗ, ನಮ್ಮ ಕಡೆಯ ಮಾತಿನಲ್ಲಿ ಪರಕಾರ, ಹೊಲಿದುಕೊಟ್ಟಳು. ಹಸಿರು ಗಿಳಿಗಳ ಪರದೆ. ಹೊಲಿದು ಮುಗಿದ ಮೇಲೆ ನೋಡಿದರೆ ಗಿಳಿಗಳೆಲ್ಲ ತಲೆಕೆಳಗಾಗಿದ್ದವು. ನಾನು ಅಳಲು ಶುರುಮಾಡಿದೆ. "ಯಾರರ ಕೇಳಿದ್ರ ಬಾವಲಿ ಜಾತಿ ಗಿಳಿ ಅನ್ನಬೇ" ಎಂದಳು. ಶಾಲೆಯಲ್ಲಿ ಕೇಳಿಯೇ ಕೇಳಿದರು. ನಾನು ಹಾಗೆಯೇ ಅಂದೆ. ವಿಜ್ಞಾನದ ಮಾಸ್ತರರು ಅಂಥ ಜಾತಿಯೊಂದು ಇದ್ದರೂ ಇದ್ದೀತೆಂದು ಸ್ವಲ್ಪ ಹೊತ್ತು ಯೋಚಿಸಿದ್ದು ನನಗೆ ಇನ್ನೂ ನೆನಪಿದೆ. ಮುರಿದ ಛತ್ರಿಯ ಕರಿಬಟ್ಟೆಯಿಂದ ಅವ್ವನಿಗೆ ಕಳೆ ತೆಗೆಯುವಾಗ ತಲೆಗೆ ಹಾಕಿಕೊಳ್ಳಲು ಕುಲಾಯಿ ಬಂತು. ಅಪ್ಪನ ಅಂಗಿಗೆ ಒಂದರಂತೆ ಇನ್ನೊಂದಿರದ ಗುಂಡಿಗಳು ಬಂದವು. ಕೆಂಪು, ಬಿಳಿ, ಹಿತ್ತಾಳೆಯದು, ಕೂಸಿನ ಅಂಗಿಯ ಮೊಲದ ಮೋರೆಯದು. ಅಪ್ಪ ಅದನ್ನೇ ತೊಟ್ಟು ಹೊಲಕ್ಕೆ ಹೋಗುತ್ತ, "ನನ್ನ ಎದೀ ಮ್ಯಾಲೆ ಸವಣೂರ ಸಂತಿ ಕೂಡೈತಿ" ಎಂದು ಸಿಕ್ಕವರಿಗೆಲ್ಲ ತೋರಿಸುತ್ತಿದ್ದ. ಸಂಜೆ ಬಂದವನೇ ಅಕ್ಕನನ್ನು ಕೇಳುತ್ತಿದ್ದ, "ಇವತ್ತ ಯಾವ ವೇಷಬೇ?"

ಈ ಅಪ್ಪನನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಬಡವರು ಹರಕು ಉಟ್ಟರೆ ಊರಿನಲ್ಲಿ ಯಾರದೂ ತಕರಾರಿಲ್ಲ. ಹರಕು ನಮಗೆ ಒಪ್ಪುತ್ತದೆ, ಅದು ನಮ್ಮದೇ ಎಂದು ಅವರ ತಿಳುವಳಿಕೆ. ತಲೆ ತಗ್ಗಿಸಿಕೊಂಡು ಉಟ್ಟರೆ ಇನ್ನೂ ಒಳ್ಳೆಯದು, ಪಾಪ ಎನ್ನಲು ಅವಕಾಶವಾಗುತ್ತದೆ. ಅದೇ ಹರಕಿನಿಂದ ಆಟ ಆಡತೊಡಗಿದರೆ, ಉಟ್ಟುಕೊಂಡು ನಕ್ಕರೆ, ಆಗ ಮಾತ್ರ ಎಲ್ಲರಿಗೂ ತಕರಾರು ಹುಟ್ಟುತ್ತದೆ. ಇದು ನನಗೆ ಆಗ ಗೊತ್ತಿರಲಿಲ್ಲ. ಅಕ್ಕನಿಗೆ ಗೊತ್ತಿತ್ತೇನೋ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಅಕ್ಕ ಹಾನಗಲ್ಲಿನ ಕಾಲೇಜಿಗೆ ಸೇರಿ, ಅಲ್ಲಿಯ ಹಾಸ್ಟೆಲಿನಲ್ಲಿದ್ದಳು. ಆ ವರ್ಷ ಮೌಲಾಬಿಯ ರಾಶಿಯಲ್ಲಿ ಅವಳಿಗೊಂದು ಕೋಟು ಸಿಕ್ಕಿತು. ಮದುವೆ ಮೆರವಣಿಗೆಯಲ್ಲಿ ಬ್ಯಾಂಡು ಬಾರಿಸುವವರು ತೊಡುತ್ತಾರಲ್ಲ, ಅಂಥ ಕೆಂಪು ಕೋಟು. ಶಿಗ್ಗಾವಿಯ ಯಾವುದೋ ಬ್ಯಾಂಡಿನವರದಂತೆ. ಬೆನ್ನನ್ನು ಪೂರ್ತಿ ಇಲಿ ತಿಂದಿತ್ತು, ತೋಳುಗಳೂ ಹೋಗಿದ್ದವು. ಅಕ್ಕ ಒಂದು ತೋಳನ್ನು ಹಸಿರು ಬಟ್ಟೆಯಿಂದ, ಇನ್ನೊಂದನ್ನು ಪಟ್ಟೆಪಟ್ಟೆಯ ಪೈಜಾಮದ ಕಾಲಿನಿಂದ ಮಾಡಿದಳು. ಬೆನ್ನಿಗೆ ಹಾಕಲು ಅದೇ ರಾಶಿಯಿಂದ ಹರಿದ ಇಳಕಲ್ ಸೀರೆಯೊಂದರ ಸೆರಗನ್ನು ಆರಿಸಿದಳು. ಸೆರಗಿನಲ್ಲಿ ಒಲೆಯ ಕಿಡಿ ಬಿದ್ದು ತೂತಾಗಿತ್ತು. ಆ ತೂತನ್ನು ಯಾರೋ ಹಳದಿ ದಾರದಿಂದ ಒತ್ತೊತ್ತಾಗಿ ಹೊಲಿದು ಮುಚ್ಚಿದ್ದರು. ಬೇರೆಯವರಾಗಿದ್ದರೆ ಆ ಭಾಗವನ್ನು ಕತ್ತರಿಸಿ ಎಸೆಯುತ್ತಿದ್ದರು. ಅಕ್ಕ ಅದನ್ನು ಬೆನ್ನಿನ ನಟ್ಟನಡುವೆ ಬರುವಂತೆ ಇಟ್ಟು, ಸುತ್ತಲೂ ಕರಿದಾರದಲ್ಲಿ ಕೊಕ್ಕು, ಕಾಲು, ಪುಚ್ಚ ಹೊಲಿದು ಅದನ್ನೊಂದು ಕೋಳಿ ಮಾಡಿದಳು. ಹಳದಿ ಹೊಲಿಗೆ ಕೋಳಿಯ ಹೊಟ್ಟೆಯಾಯಿತು. ಅಷ್ಟು ಚೆಂದದ ಕೋಟನ್ನು ನಾನು ಆಮೇಲೆ ಎಲ್ಲಿಯೂ ನೋಡಲಿಲ್ಲವೆಂದು ನಲವತ್ತು ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ.

ಕಾಲೇಜಿನ ಗ್ಯಾದರಿಂಗಿಗೆ ಅಕ್ಕ ಅದನ್ನು ಸೀರೆಯ ಮೇಲೆ ತೊಟ್ಟಳು. ನಾನೂ ಹಾನಗಲ್ಲಿಗೆ ಹೋಗಿದ್ದೆ. ಬಾಗಿಲಲ್ಲಿ ನಿಂತ ಪ್ರಾಧ್ಯಾಪಕರೊಬ್ಬರು, "ಏನಮ್ಮ, ನಾಟಕದಾಗ ಇದ್ದೀಯೇನು?" ಎಂದು ಕೇಳಿದರು. "ಇಲ್ಲರಿ ಸರ್, ನೋಡಾಕ ಬಂದೇನ್ರಿ" ಎಂದಳು ಅಕ್ಕ. ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಮರುದಿನ ಬೆಳಿಗ್ಗೆ ನಾವಿಬ್ಬರೂ ಬಸ್ಸಿನಲ್ಲಿ ಊರಿಗೆ ಬಂದೆವು. ಚಳಿಯಿತ್ತು, ಕೋಟು ಅಕ್ಕನ ಮೈಮೇಲೆಯೇ ಇತ್ತು. ಊರಬಾಗಿಲ ಅಗಸಿಯ ಹತ್ತಿರ ಗೌಡರ ಹೆಂಡತಿಯ ಚಕ್ಕಡಿ ನಿಂತಿತ್ತು. ಅವರನ್ನು ಊರೆಲ್ಲ ಗೌಡಶಾನಿ ಎಂದೇ ಕರೆಯುತ್ತಿತ್ತು. ನಾವು ರೂಢಿಯಂತೆ ದಾರಿಯ ಅಂಚಿಗೆ ಸರಿದು ಮುಂದೆ ಹೋದೆವು. ಹಿಂದಿನಿಂದ ದನಿ ಬಂತು.

"ಏ, ನಿಂದರ."

ನಿಂತೆವು. ಗೌಡಶಾನಿ ಕೆಳಗಿಳಿದು ಬಂದರು. ನಮ್ಮನ್ನು ಮುಟ್ಟುವಂತಿರಲಿಲ್ಲವಲ್ಲ, ಚಕ್ಕಡಿ ಹೊಡೆಯುವವನ ಕೈಯಿಂದ ಬಾರುಕೋಲು ಇಸಿದುಕೊಂಡು, ಅದರ ತುದಿಯಿಂದ ಅಕ್ಕನ ಬೆನ್ನಿನ ಮೇಲಿನ ಕೋಟನ್ನು ಎತ್ತಿ ನೋಡಿದರು. ದನದ ಬಾಲ ಎತ್ತಿ ನೋಡುವ ಹಾಗೆ.

"ಇದು ಎಲ್ಲಿಂದ ಬಂತು?"

"ಸವಣೂರ ಸಂತ್ಯಾಗ ತಗೊಂಡದ್ರಿ ಅವ್ವಾರ" ಎಂದಳು ಅಕ್ಕ.

"ಸಂತ್ಯಾಗ ನನ್ನ ಸೆರಗು ಮಾರ್ತಾರೇನು? ಈ ಹೊಲಿಗಿ ನನ್ನ ಕೈಯಿಂದು. ನಿಮ್ಮವ್ವ ಕಸ ಹೊಡಿಯಾಕ ಹಿತ್ತಲಕ ಬರ್ತಾಳ, ಹಗ್ಗದ ಮ್ಯಾಲಿಂದು ಎತಗೊಂಡ ಹೋಗ್ಯಾಳ."

ಅಷ್ಟೇ. ನಮ್ಮವ್ವ ಕಳ್ಳಿಯಾದಳು. ಮಧ್ಯಾಹ್ನದೊಳಗೆ ಗೌಡರ ಮನೆಯ ಆಳುಗಳು ನಮ್ಮ ಮನೆಗೆ ಬಂದರು. ಒಳಗೆ ಇದ್ದಬಿದ್ದ ಬಟ್ಟೆಯನ್ನೆಲ್ಲ ಎಳೆದು ಬೀದಿಗೆ ಹಾಕಿದರು. ಗಿಳಿಯ ಪರಕಾರ, ಛತ್ರಿಯ ಕುಲಾಯಿ, ಅಪ್ಪನ ಗುಂಡಿಗಳ ಅಂಗಿ, ಅಕ್ಕ ಜಡೆಗೆ ಕಟ್ಟುತ್ತಿದ್ದ ಯಾರದೋ ಟೈ. ಮನೆಯೊಳಗೆ ಅಷ್ಟು ಸೊಗಸಾಗಿದ್ದವು ಬೀದಿಯ ಧೂಳಿನಲ್ಲಿ ಬಿದ್ದಾಗ ಬರೀ ಚಿಂದಿಯಾಗಿ ಕಂಡವು. ಒಬ್ಬಾತ ನನ್ನ ಪರಕಾರವನ್ನು ಕೋಲಿಗೆ ಸಿಕ್ಕಿಸಿ ಎತ್ತಿ ಹಿಡಿದು ಕುಣಿಸಿದ. ನೋಡಲು ಬಂದವರು ನಕ್ಕರು. ನಕ್ಕವರಲ್ಲಿ ಕೆಲವರ ಮುಖ ನನಗೆ ಇವತ್ತಿಗೂ ಗೊತ್ತು. ಕೆಲವರು ಈಗ ಬಸ್ಸಿನಲ್ಲಿ ಸಿಕ್ಕಾಗ, "ಟೀಚರ್, ಆರಾಮ ಅದೀರಿ?" ಎನ್ನುತ್ತಾರೆ. ಆರಾಮ ಇದ್ದೇನೆ ಎನ್ನುತ್ತೇನೆ.

ಅಪ್ಪ ಆವತ್ತೇ ಹುಲಗೂರಿಗೆ ನಡೆದುಹೋದ. ಮೌಲಾಬಿಯ ಅಂಗಳದಲ್ಲಿ ನಿಂತು, ಇದ್ದದ್ದನ್ನು ಇದ್ದಂತೆ ಚಾವಡಿಯಲ್ಲಿ ಬಂದು ಹೇಳಬೇಕೆಂದು ಕೈಮುಗಿದ. ಗೌಡರ ಓಣಿಯ ವ್ಯಾಪಾರದಿಂದಲೇ ಅವಳ ಹೊಟ್ಟೆ ನಡೆಯುತ್ತಿತ್ತು. ಬರುವುದಿಲ್ಲ ಎಂದಿದ್ದರೆ ತಪ್ಪು ಹೇಳುವಂತಿರಲಿಲ್ಲ. ಆದರೆ ಬಂದಳು.

ಚಾವಡಿಯ ಕಟ್ಟೆಯ ಮೇಲೆ ಗೌಡರು, ಅವರ ತಮ್ಮ, ಊರಿನ ಹಿರಿಯರು ಕೂತಿದ್ದರು. ಕೆಳಗೆ ನೆಲದ ಮೇಲೆ ನಾವು. ನಡುವೆ ಕೋಟು. ಗೌಡರು ದನಿ ಏರಿಸಿ ಮಾತಾಡುವವರಲ್ಲ, ಬಹಳ ಮೆತ್ತಗಿನ ಮನುಷ್ಯ ಎಂದು ಊರಲ್ಲಿ ಹೆಸರಿತ್ತು. ಆ ಮೆತ್ತಗಿನ ದನಿಯನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

"ಏನವಾ ಮೌಲಾಬಿ, ಈ ಸೆರಗು ನಿನ್ನ ಕೈಗೆ ಹೆಂಗ ಬಂತು?"

"ನಿಮ್ಮ ಮನಿಯಿಂದನ ಗೌಡ್ರ" ಎಂದಳು ಮೌಲಾಬಿ. "ಅವ್ವಾರ ಹರದ ಸೀರಿ ಕೊಟ್ಟು ಒಂದು ಡಬರಿ ತಗೊಂಡ್ರು. ಮುಚ್ಚಳ ಸಡಲ ಐತಿ ಅಂತ ಆಮ್ಯಾಲೆ ಬದಲ್ ಮಾಡಿಸಿಕೊಂಡ್ರು ಬ್ಯಾರೆ. ಅದನ್ನ ನಾ ಸಂತ್ಯಾಗ ಈ ಹುಡುಗೀಗೆ ಮಾರೇನಿ. ಈಕಿ ಕದ್ದಿಲ್ಲ, ಈಕಿ ಅವ್ವನೂ ಕದ್ದಿಲ್ಲ."

ಅವ್ವ ನೆಲ ನೋಡುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಎಲ್ಲ ಮುಗಿಯಿತೆಂದು ನಾನು ತಿಳಿದೆ. ಸತ್ಯ ಹೊರಗೆ ಬಂದರೆ ಕತೆ ಮುಗಿಯುತ್ತದೆಂದು ನನ್ನ ಪಾಠದ ಪುಸ್ತಕಗಳು ಕಲಿಸಿದ್ದವು. ಮುಂದೆ ನಾನೇ ಮೂವತ್ತು ವರ್ಷ ಅಂಥ ಪುಸ್ತಕಗಳನ್ನು ಮಕ್ಕಳಿಗೆ ಕಲಿಸಿದೆ ಎಂಬುದು ಬೇರೆ ಮಾತು.

ಗೌಡರು ಎಲೆಯಡಿಕೆಯನ್ನು ದವಡೆಗೆ ಸರಿಸಿ ಹೇಳಿದರು. "ಹಂಗಾರ ಕಳುವಲ್ಲ. ಆತು. ಕಳುವಲ್ಲ ಅಂದ್ರ ಸರಿ ಐತಿ ಅಂತಲ್ಲ. ನಮ್ಮ ಮನಿ ಹೆಣ್ಮಗಳು ಉಟ್ಟ ಸೆರಗು ಕೇರಿ ಹುಡುಗಿ ಬೆನ್ನ ಮ್ಯಾಲೆ ಹಾನಗಲ್ಲ ತನಕ ಹೋಗಿ ಬಂದೈತಿ. ಅದರ ಮ್ಯಾಲೆ ಕೋಳಿ ಬ್ಯಾರೆ. ಅದನ್ನ ಬಿಚ್ಚಿ ಇಟ್ಟು ಹೋಗ್ರಿ. ಇನ್ನ ಮ್ಯಾಲೆ ಇಂಥಾ ಸೋಗು ನಮ್ಮೂರಾಗ ಬ್ಯಾಡ."

ಕೇಳಿದಿರಲ್ಲ? ಕಳವು ಅಲ್ಲವೆಂದು ಗೊತ್ತಾದ ಕೂಡಲೇ ತಪ್ಪು ಬೇರೆ ಆಯಿತು. ಬಟ್ಟೆ ಕೊಟ್ಟು ಪಾತ್ರೆ ತೆಗೆದುಕೊಂಡವರು ಅವರು. ಆದರೂ ಬಟ್ಟೆ ಅವರದೇ. ಅದು ಯಾರ ಮೈಮೇಲೆ ಇರಬೇಕು, ಹೇಗಿರಬೇಕು, ಎಲ್ಲಿಯವರೆಗೆ ಹೋಗಬೇಕು ಎಂಬುದೂ ಅವರದೇ. ಅವ್ವನನ್ನು ಕಳ್ಳಿ ಎಂದದ್ದಕ್ಕೆ ಒಂದು ಮಾತು? ಅದು ಯಾರಿಗೂ ಹೊಳೆಯಲೇ ಇಲ್ಲ.

ಅಕ್ಕ ಎದ್ದಳು. ಕೋಟನ್ನು ಎತ್ತಿಕೊಂಡು, ಪೋಲಕಕ್ಕೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು, ಅಲ್ಲಿಯೇ ಕುಳಿತು ಹೊಲಿಗೆ ಬಿಚ್ಚತೊಡಗಿದಳು. ಅವಸರ ಮಾಡಲಿಲ್ಲ. ಮೊದಲು ಕೋಳಿಯ ಕಾಲು, ಪುಚ್ಚ, ಕೊಕ್ಕು. ಆಮೇಲೆ ಅಂಚು. ಕಟ್ಟೆಯ ಮೇಲಿನವರು ಕಾಯಬೇಕಾಯಿತು. ಕೊನೆಗೆ ಸೆರಗನ್ನು ಜಾಡಿಸಿ, ನೀಟಾಗಿ ಮಡಚಿ, ಕೈಯಲ್ಲಿ ಹಿಡಿದುಕೊಂಡು ಗೌಡರನ್ನು ನೇರ ನೋಡಿ ಕೇಳಿದಳು.

"ಗೌಡ್ರ, ಡಬರಿ ಎಲ್ಲೈತ್ರಿ?"

"ಏನ?"

"ಡಬರಿ ರಿ. ಅರಿವಿ ನಿಮಗ ವಾಪಸ್ ಬಂತಲ್ರಿ? ಹಂಗಾರ ಡಬರೀನೂ ವಾಪಸ್ ಹೋಗಬೇಕಲ್ರಿ? ಮೌಲಾಬಿ ಇಲ್ಲೇ ಅದಾಳ, ತಗೊಂಡ ಹೋಗ್ತಾಳ. ಮುಚ್ಚಳ ಮರೀಬ್ಯಾಡ್ರಿ."

ಹಿಂದೆ ನಿಂತ ಗುಂಪಿನಲ್ಲಿ ಯಾರೋ ನಕ್ಕು ತಟ್ಟನೆ ಬಾಯಿ ಮುಚ್ಚಿಕೊಂಡರು. ಮೌಲಾಬಿ ತಲೆಯ ಮೇಲಿನ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗೌಡರ ತಮ್ಮ ಎದ್ದ. ಅವನು ಕಟ್ಟೆ ಇಳಿಯುವುದರೊಳಗೆ ಅಪ್ಪ ಮುಂದೆ ಹೋಗಿ ಅಕ್ಕನ ಕಪಾಳಕ್ಕೆ ಹೊಡೆದ.

ಅಪ್ಪ ನಮ್ಮ ಮೇಲೆ ಅದಕ್ಕೆ ಮೊದಲು ಕೈ ಎತ್ತಿದವನಲ್ಲ. ಹೊಡೆದದ್ದು ಯಾಕೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಗೌಡರ ತಮ್ಮನ ಕೈ ಬೀಳುವ ಮೊದಲು ತನ್ನ ಕೈ ಬಿದ್ದುಬಿಡಲಿ, ಅವನದು ಒಂದಕ್ಕೆ ನಿಲ್ಲುವುದಿಲ್ಲ, ತನ್ನದು ನಿಲ್ಲುತ್ತದೆ ಎಂದು. "ತಪ್ಪಾತ್ರಿ ಎಪ್ಪಾ, ಸಣ್ಣ ಹುಡುಗಿ, ತಿಳಿಯೂದಿಲ್ಲ" ಎಂದು ಅಪ್ಪ ಕೈಮುಗಿದ. ಗೌಡರ ತಮ್ಮ ನಿಂತಲ್ಲಿಯೇ ನಿಂತು ನಕ್ಕ. ತನ್ನ ಕೆಲಸವನ್ನು ಬೇರೊಬ್ಬ ಮಾಡಿಕೊಟ್ಟಾಗ ನಗುವಂಥ ನಗು. ಅಪ್ಪ ಸೆರಗನ್ನು ಅಕ್ಕನ ಕೈಯಿಂದ ತೆಗೆದು ಕಟ್ಟೆಯ ಅಂಚಿಗೆ ಇಟ್ಟ. ನಾವು ಮನೆಗೆ ಬಂದೆವು.

ಆ ಸೆರಗನ್ನು ಯಾರು ತೆಗೆದುಕೊಂಡು ಹೋದರು ಎಂದು ಕೇಳುತ್ತೀರಾ? ಯಾರೂ ಇಲ್ಲ. ನಾವು ಮುಟ್ಟಿದ್ದನ್ನು ಅವರು ಮುಟ್ಟುತ್ತಾರೆಯೇ? ಅದು ಅಲ್ಲಿಯೇ ಬಿದ್ದಿತ್ತು. ಮರುದಿನ ನಾನು ನೀರಿಗೆ ಹೋಗುವಾಗ ಅದರ ಮೇಲೆ ನಾಯಿಯೊಂದು ಮಲಗಿತ್ತು.

ಡಬರಿ ಮಾತ್ರ ಆ ಮನೆಯಲ್ಲಿ ಈಗಲೂ ಇರಬೇಕು. ಸ್ಟೀಲು ಅಷ್ಟು ಬೇಗ ಹಾಳಾಗುವುದಿಲ್ಲ.

ಆಮೇಲೆ ಅಪ್ಪನನ್ನು ಊರಿನಲ್ಲಿ ಯಾರೂ ಕೆಲಸಕ್ಕೆ ಕರೆಯಲಿಲ್ಲ. ಸವಣೂರಿನ ಅಡತಿ ಅಂಗಡಿಗಳಲ್ಲಿ ಚೀಲ ಹೊರಲು ಹೋಗತೊಡಗಿದ. ಮೌಲಾಬಿಗೆ ದೊಡ್ಡ ಮನೆಗಳ ಬಾಗಿಲು ಮುಚ್ಚಿದವು, ಅವಳು ನಮ್ಮೂರಿನ ದಾರಿಯನ್ನೇ ಬಿಟ್ಟಳು. ಇನ್ನು ಈ ಹುಡುಗಿ ಇಲ್ಲಿರುವುದು ಬೇಡವೆಂದು ಅವ್ವ ಅಕ್ಕನನ್ನು ಹಿರೇಕೆರೂರಿನಲ್ಲಿದ್ದ ತನ್ನ ತಮ್ಮನ ಮನೆಗೆ ಕಳಿಸಿದಳು. ಹಾನಗಲ್ಲಿನ ಕಾಲೇಜು ಅರ್ಧಕ್ಕೇ ನಿಂತಿತು. ಹಿರೇಕೆರೂರಿನಲ್ಲಿ ಅಕ್ಕ ಶಾಲೆಯ ಮಕ್ಕಳ ಯೂನಿಫಾರ್ಮು ಹೊಲಿಯುವ ಅಂಗಡಿಯಲ್ಲಿ ದುಡಿದಳು. ನೀಲಿ, ಬಿಳಿ, ನೀಲಿ, ಬಿಳಿ. ಎಲ್ಲ ತೋಳೂ ಒಂದೇ ಅಳತೆ, ಎಲ್ಲ ಗುಂಡಿಯೂ ಒಂದೇ ಬಣ್ಣ. ಆಮೇಲೆ ಹಟ ಹಿಡಿದು ಪರೀಕ್ಷೆ ಕಟ್ಟಿದಳು, ಶಿಕ್ಷಕಿಯ ತರಬೇತಿ ಮುಗಿಸಿದಳು, ತಡಸದ ಶಾಲೆಯಲ್ಲಿ ಕೆಲಸ ಸಿಕ್ಕಿತು. ನಿವೃತ್ತಿಯ ದಿನದವರೆಗೂ ಬಣ್ಣವೇ ಇಲ್ಲದಂಥ ಸೀರೆಗಳನ್ನು ಉಟ್ಟಳು. ಬೂದಿ ಬಣ್ಣ, ಮಣ್ಣು ಬಣ್ಣ.

ಅಪ್ಪ ಸಾಯುವವರೆಗೂ ಆ ಹೊಡೆತದ ಮಾತು ಎತ್ತಲಿಲ್ಲ. ಆದರೆ ಹಿರೇಕೆರೂರಿಗೆ ಹೋದಾಗಲೆಲ್ಲ ಸವಣೂರಿನ ಸಂತೆಯಿಂದ ಏನಾದರೊಂದು ಒಯ್ಯುತ್ತಿದ್ದ. ಮಖಮಲ್ಲಿನ ತುಂಡು, ನವಿಲಿನ ಆಕಾರದ ಗುಂಡಿ, ಜರಿಯ ಅಂಚು. ಮಾತಾಡದೆ ಅಕ್ಕನ ಮುಂದಿಟ್ಟು ಚಹ ಕುಡಿದು ಬಂದುಬಿಡುವನು. ಅಕ್ಕ ಎಲ್ಲವನ್ನೂ ತೆಗೆದಿಟ್ಟುಕೊಂಡಳು, ಒಂದನ್ನೂ ಹೊಲಿಯಲಿಲ್ಲ. ಇದನ್ನು ಹೇಳಿದಾಗ ಕೆಲವರ ಕಣ್ಣಲ್ಲಿ ನೀರು ಬರುತ್ತದೆ. ನನಗೆ ಬರುವುದು ಸಿಟ್ಟೇ. ಮಗಳ ಬಟ್ಟೆ ನೋಡಿ ನಗುತ್ತಿದ್ದ ಮನುಷ್ಯ ಮಗಳ ಮುಂದೆ ತಪ್ಪು ಮಾಡಿದವನಂತೆ ಚಿಂದಿ ಹಿಡಿದು ಕೂರಬೇಕಾಯಿತಲ್ಲ. ತಪ್ಪು ಮಾಡಿದವರು ಮನೆಯಲ್ಲಿ ಆರಾಮವಾಗಿ ಡಬರಿಯಲ್ಲಿ ಹಾಲು ಕಾಯಿಸಿಕೊಂಡಿದ್ದರು.

ಒಮ್ಮೆ ಶಾಲೆಯಲ್ಲಿ ಬಿಡುವಿನ ಹೊತ್ತಿಗೆ ಇದನ್ನು ಜೊತೆಯವರಿಗೆ ಹೇಳಿದೆ. ಹಿರಿಯರೊಬ್ಬರು ನಿಟ್ಟುಸಿರು ಬಿಟ್ಟು, "ಏನ್ಮಾಡೂದ್ರಿ, ಆಗಿನ ಕಾಲನ ಹಂಗಿತ್ತು" ಎಂದರು. ಕಾಲ ನಮ್ಮ ಮನೆಯ ಬಟ್ಟೆಯನ್ನು ಬೀದಿಗೆ ಎಳೆಯಲಿಲ್ಲ, ಸ್ವಾಮಿ. ಎಳೆದವರಿಗೆ ಕೈಗಳಿದ್ದವು, ಹೆಸರುಗಳಿದ್ದವು. ಸಂಜೆ ಅವರು ಮನೆಗೆ ಹೋಗಿ ರೊಟ್ಟಿ ತಿಂದರು.

ಕಿಟಕಿಯ ಚಿಲಕ ಕಿತ್ತ ಮೇಲೆ ನಾನು ಈ ಕತೆಯನ್ನು ಬರೆಯಲು ಕುಳಿತೆ. ಕೋಟಿನವರೆಗೆ ಬರೆದು, ಮೊನ್ನೆ ಭಾನುವಾರ ಬಸ್ಸು ಹತ್ತಿ ಶಿಗ್ಗಾವಿಗೆ ಹೋದೆ. ಅಕ್ಕ ಈಗ ಅಲ್ಲಿಯೇ ಇದ್ದಾಳೆ. ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ನಾನು ಓದಿದೆ. ಅವಳು ಸುಲಿಯುತ್ತಲೇ ಕೇಳಿ, "ಸುಳ್ಳು ಬರದೀಯಲ್ಲಬೇ" ಎಂದಳು.

"ಯಾವುದು?"

"ಕೋಟು ಚೆಂದ ಇತ್ತು ಅಂತ ಬರದಿ ನೋಡು, ಅದು. ಎಲ್ಲಿ ಚೆಂದ? ಒಂದು ತೋಳು ಮೊಳಕೈಗೇ ನಿಂತಿತ್ತು, ಇನ್ನೊಂದು ಬೆರಳು ಮುಚ್ಚತಿತ್ತು. ಬೆನ್ನು ಗೂನ ಬಂದಿತ್ತು. ಕೋಳಿ ಅಂತೂ ಹಂದಿ ಕಂಡಂಗ ಕಾಣತಿತ್ತು. ಹಾಸ್ಟೆಲಿನ ಹುಡುಗ್ಯಾರು ಹೊಟ್ಟಿ ಹಿಡಕೊಂಡು ನಕ್ಕಿದ್ರು."

"ನಕ್ಕಿದ್ರಾ? ನಿನಗ ಸಿಟ್ಟು ಬರಲಿಲ್ಲಾ?"

"ಯಾಕ ಬರಬೇಕು? ನಗಲಿ ಅಂತನ ಹೊಲದಿದ್ದೆ. ಎಲ್ಲಾರಗಿಂತ ಜಾಸ್ತಿ ನಾನ ನಕ್ಕಿದ್ದೆ."

ನನಗೆ ಸಮಾಧಾನವಾಗಲಿಲ್ಲ. "ಹಂಗಲ್ಲಕ್ಕಾ, ಅಷ್ಟು ಚೆಂದದ ಕೋಟು ಬಿಚ್ಚಿಸಿದ್ರಲ್ಲ ಅಂತ ಬರದ್ರ ಓದೋರಿಗೆ..."

ಅಕ್ಕನ ಕೈ ನಿಂತಿತು. "ಚೆಂದ ಇತ್ತಂತ ಬಿಚ್ಚಿಸಬಾರದಿತ್ತೇನು? ಕೆಟ್ಟ ಇದ್ದಿದ್ರ ಬಿಚ್ಚಿಸಬಹುದಾಗಿತ್ತ?"

ನಲವತ್ತು ವರ್ಷ ನಾನು ಆ ಕೋಟನ್ನು ಹೊಗಳಿ ಹೊಗಳಿ ವಾದ ಮಾಡುತ್ತ ಬಂದಿದ್ದೆ. ನಮ್ಮ ಹುಡುಗಿಯ ಕೈಯಲ್ಲಿ ಅಂಥ ಕಲೆಯಿತ್ತು, ನೋಡಿ, ಆದ್ದರಿಂದ ಅವಳಿಗೆ ತೊಡುವ ಹಕ್ಕಿತ್ತು ಎಂಬಂತೆ. ಅದೇ ಚಾವಡಿಯ ಮುಂದೆ ಕೈಮುಗಿದು ನಿಂತು ಬೇಡಿದ ಹಾಗೆ. ವಕ್ರವಾಗಿ ಹೊಲಿಯುವುದಕ್ಕೆ, ಕೋಳಿಯನ್ನು ಹಂದಿಯಂತೆ ಮಾಡುವುದಕ್ಕೆ ಗೌಡರ ಮನೆಯ ಹುಡುಗಿ ಯಾರನ್ನೂ ಕೇಳಬೇಕಾಗಿರಲಿಲ್ಲ.

"ಮತ್ತ ಆಮ್ಯಾಲೆ ಯಾಕ ಹೊಲಿಯೂದು ಬಿಟ್ಟಿ?" ಎಂದೆ. ಇಷ್ಟು ವರ್ಷಗಳಲ್ಲಿ ಇದನ್ನು ನಾನು ಕೇಳಿರಲೇ ಇಲ್ಲ.

"ಸಿಟ್ಟು ಇತ್ತಬೇ" ಎಂದಳು ಅಕ್ಕ. "ಸಿಟ್ಟಿನ್ಯಾಗ ಆಟ ಆಡಾಕ ಬರೂದಿಲ್ಲ. ಆ ಆಟಾನ ತಗೊಂಡ್ರು ಅವರು. ಸೆರಗಲ್ಲ."

ಮತ್ತೆ ಶೇಂಗಾ ಸುಲಿಯತೊಡಗಿದಳು. ನಾನೂ ಒಂದು ಹಿಡಿ ತೆಗೆದುಕೊಂಡು ಸುಲಿದೆ.

ನನ್ನ ಬಗ್ಗೆ ಒಂದು ಮಾತು ಹೇಳಬೇಕು. ಮೂವತ್ತು ವರ್ಷ ಶಾಲೆಗೆ ಹೋದೆನಲ್ಲ, ಒಂದು ದಿನವೂ ಇಸ್ತ್ರಿ ಮುರಿದ ಸೀರೆ ಉಟ್ಟವಳಲ್ಲ. ಸೀರೆಗೆ ಒಪ್ಪುವ ಪೋಲಕ, ಪೋಲಕಕ್ಕೆ ಒಪ್ಪುವ ಬಳೆ, ಅದಕ್ಕೆ ಒಪ್ಪುವ ಚೀಲ. ಎಷ್ಟು ಅಚ್ಚುಕಟ್ಟು ಎಂದು ಎಲ್ಲರೂ ಹೊಗಳಿದ್ದಾರೆ. ಅದು ಅಚ್ಚುಕಟ್ಟಲ್ಲ, ಹೆದರಿಕೆ ಎಂದು ಶಿಗ್ಗಾವಿಯಿಂದ ಬರುವ ಬಸ್ಸಿನಲ್ಲಿ ನನಗೆ ತಿಳಿಯಿತು. ಯಾರೂ ಕೋಲಿನ ತುದಿಯಿಂದ ಎತ್ತಿ ನೋಡದ ಹಾಗೆ ನಾನು ಬಟ್ಟೆ ಉಡುತ್ತ ಬಂದಿದ್ದೆ.

ನಿನ್ನೆ ಬೆಳಿಗ್ಗೆ ಕೆನ್ನೇರಳೆ ಸೀರೆ ಉಟ್ಟೆ. ಅದಕ್ಕೆ ಗಿಣಿಹಸಿರು ಪೋಲಕ. ಅದರ ಮೇಲೆ ಯಜಮಾನರ ಹಳೆಯ ಚೌಕಡಿ ಅಂಗಿ, ಗುಂಡಿ ಹಾಕದೆ. ತಲೆಗೆ ಮೊಮ್ಮಗಳ ಕಿತ್ತಳೆ ಬಣ್ಣದ ಉಲ್ಲನ್ ಟೊಪ್ಪಿಗೆ. ಕನ್ನಡಿಯಲ್ಲಿ ನೋಡಿಕೊಂಡರೆ ಚೆಂದವೇನೂ ಕಾಣಲಿಲ್ಲ. ಯಜಮಾನರು ಪೇಪರಿನ ಮೇಲಿಂದ ನೋಡಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಕಾಯಿಪಲ್ಯೆ ತರಲು ಪೇಟೆಗೆ ಹೋದೆ.

ಬದನೆಕಾಯಿ ಆರಿಸುವಾಗ ಹಿಂದಿನ ಓಣಿಯ ಗುರುತಿನ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ರಿ ಟೀಚರ್, ಅವಸರದಾಗ ಬಂದೀರೇನು?" ಎಂದಳು.

"ಇಲ್ಲರಿ" ಎಂದೆ. "ಬೆಳಿಗ್ಗೆಯಿಂದ ಕುಂತು ಆರಿಸೇನಿ."

ನಗಬೇಕೋ ಬೇಡವೋ ಎಂದು ಅವಳು ನನ್ನ ಮುಖ ನೋಡಿದಳು. ನಾನು ನಗಲಿಲ್ಲ. ಅಷ್ಟು ನನಗೆ ಇನ್ನೂ ಬರುವುದಿಲ್ಲ. ಒಳಗೆ ಸಿಟ್ಟು ಇದ್ದಷ್ಟೇ ಇತ್ತು. ಅವಳು ಇನ್ನೊಂದು ಮಾತು ಆಡಲಿ ಎಂದು ತಕ್ಕಡಿಯ ಮುಂದೆ ಕಾದು ನಿಂತೆ. ಆಡಲಿಲ್ಲ. ಚೀಲ ಎತ್ತಿಕೊಂಡು, ಅಂಚಿಗೆ ಸರಿಯದೆ, ರಸ್ತೆಯ ನಡುವೆಯೇ ನಡೆದು ಮನೆಗೆ ಬಂದೆ.